ಚಾಕು ಇಡುವ ಮುಂಚೆಯೇ ತಣ್ಣಗಾಗುವ ಕೂಸು: ನನ್ನ ಅನುಭವ

ನವಜಾತ ಶಿಶುಗಳ ಆಪರೇಷನ್ ಮಾಡುವ ಓಟಿಯ (ಆಪರೇಷನ್ ಥಿಯೇಟರ್) ಟೆಂಪರೇಚರ್ 27 ಡಿಗ್ರಿಗೆ ಏರಿಸಿದ್ದಕ್ಕೆ ನಮ್ಮ ಸರ್ಜನ್ ಎರಡು ವಾರ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಈಗ ಅವರೇ ಫೋನ್ ಮಾಡಿ "ರೂಮ್ ಬಿಸಿ ಆಯ್ತಾ?" ಅಂತ ಕೇಳುತ್ತಾರೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ. ವಾರ್ಮರ್, ಬಿಸಿಗಾಳಿಯ ಬ್ಲೋಯರ್ ಎಲ್ಲಾ ಇದ್ದರೂ, ಕರುಳಿನ ಕೇಸ್ ಮುಗಿಸಿ ಎನ್‌ಐಸಿಯುಗೆ (ಕೂಸುಗಳ ಐಸಿಯು) ಕಳಿಸಿದ ಕೂಸುಗಳಲ್ಲಿ ಹೆಚ್ಚುಕಮ್ಮಿ ಅರ್ಧ 36 ಡಿಗ್ರಿಗಿಂತ ಕೆಳಗೇ ಇರುತ್ತಿದ್ದವು. ತಣ್ಣಗಾದ ಕೂಸಿನ ಕಿಡ್ನಿಯೂ ಸೊರಗುತ್ತದೆ ಅನ್ನೋದು ನನ್ನ ಅನುಮಾನ. ಬೆಳಿಗ್ಗೆ ಫೋನ್: "ಡಾಕ್ಟ್ರೇ, ರಾತ್ರಿಯಿಂದ ಯೂರಿನ್ ಇಲ್ಲ." ಬೋಲಸ್ (ಒಮ್ಮೆಲೇ ಒಂದಿಷ್ಟು ಫ್ಲೂಯಿಡ್) ಕೊಡು, ಯೂರಿನ್ ಬರಿಸುವ ಲ್ಯಾಸಿಕ್ಸ್ ಕೊಡು, ಕೂಸು ಊದಿಕೊಳ್ಳುತ್ತದೆ. ಎರಡೇ ದಿನದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ಹೇಳುವ ರಕ್ತದ ಲೆಕ್ಕ) ಇದ್ದದ್ದಕ್ಕಿಂತ 0.3 ಏರಿರುತ್ತಿತ್ತು. ಹುಟ್ಟಿದ ಶುರುವಿನಲ್ಲಿ ಕೂಸಿನ ರಕ್ತದಲ್ಲಿರುವುದು ತಾಯಿಯ ಕ್ರಿಯಾಟಿನಿನ್ ಲೆಕ್ಕ ಅಲ್ವಾ, ಇಳಿಯಬೇಕಾದದ್ದು ಇಳಿಯದೆ ನಿಂತರೂ ನನಗೆ ಅನುಮಾನವೇ.

ದುಡ್ಡು ಸುರಿದದ್ದು ಡ್ರಿಪ್ ಬಿಸಿ ಮಾಡುವ ಫ್ಲೂಯಿಡ್ ವಾರ್ಮರ್ ಮೇಲೆ. ನನ್ನದೇ ಹಠ. ಗಂಟೆಗೆ 10-12 ಎಂಎಲ್ ಹೋಗುವ ಲೈನ್‌ನಲ್ಲಿ ಎಷ್ಟೇ ಬಿಸಿ ಮಾಡಿದರೂ, ಉದ್ದದ ಟ್ಯೂಬ್ ದಾಟಿ ಕೂಸಿನ ಕೈ ಸೇರುವಷ್ಟರಲ್ಲಿ ಫ್ಲೂಯಿಡ್ ರೂಮಿನಷ್ಟೇ ತಣ್ಣಗಾಗಿರುತ್ತದೆ ಅನ್ನೋದು ಹೊಳೆಯಲು ನನಗೆ ಆರು ತಿಂಗಳು ಬೇಕಾಯಿತು. ಬಜೆಟ್ ಮೀಟಿಂಗ್‌ನಲ್ಲಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ.

ಒಂದು ದಿನ ಸುಮ್ನೆ ಎನ್‌ಐಸಿಯುನಲ್ಲೇ ಕೂಸಿಗೆ ಟೆಂಪರೇಚರ್ ಪ್ರೋಬ್ ಹಾಕಿಕೊಂಡು ಹೊರಟೆ. ಹೊರಡುವಾಗ 36.8. ಟೇಬಲ್ ಮೇಲೆ ಮಲಗಿಸುವಾಗ 36.3. ಉಸಿರಿನ ಟ್ಯೂಬ್, ಡ್ರಿಪ್ ಲೈನ್, ಪೇಂಟಿಂಗ್ (ಚರ್ಮಕ್ಕೆ ಕ್ರಿಮಿನಾಶಕ ಬೆಟಾಡಿನ್ ಬಳಿಯುವುದು) ಮುಗಿದಾಗ 35.4. ಸರ್ಜನ್ ಇನ್ನೂ ಚಾಕು ಮುಟ್ಟಿರಲಿಲ್ಲ! ಬೆನ್ನ ಕೆಳಗೆ ಕೈ ಹಾಕಿದೆ. ಬೆಟಾಡಿನ್ ಹರಿದು ಬಟ್ಟೆಯೆಲ್ಲ ಒದ್ದೆ, ಐಸ್ ಥರ.

ಆಮೇಲೆ ಮಾಡಿದ್ದೆಲ್ಲ ಅಗ್ಗದ ಕೆಲಸ. ಒಂದು ಗಂಟೆ ಮುಂಚೆ ರೂಮ್ ಬಿಸಿ. ತಲೆಗೆ ಟೋಪಿ, ಕೈಕಾಲು ಎದೆಗೆ ಪ್ಲಾಸ್ಟಿಕ್ ಸುತ್ತು. ಪಕ್ಕೆಗಳಿಗೆ ಒಣ ಪ್ಯಾಡ್, ಪೇಂಟ್ ಹೀರಿದ ಮೇಲೆ, ಡ್ರೇಪ್ (ಸ್ಟೆರೈಲ್ ಬಟ್ಟೆ) ಹೊದಿಸುವ ಮುಂಚೆ, ಎಳೆದು ಬಿಸಾಕಬೇಕು. ಹೊಟ್ಟೆ ತೊಳೆಯುವ ಸಲೈನ್ 37ರ ಆಸುಪಾಸು, ಥರ್ಮಾಮೀಟರ್ ಇಟ್ಟು ನೋಡಿಯೇ. ಪ್ಲಾಸ್ಟಿಕ್ ಎಲ್ಲೆಲ್ಲಿ ಕತ್ತರಿಸುತ್ತೇನೆ ಅನ್ನೋದು ಮಾತ್ರ ಬರೆಯಲ್ಲ, ಬಂದು ನೋಡಿ.

ನಡುವೆ ಗ್ಲೌಸ್‌ಗೆ ಬಿಸಿನೀರು ತುಂಬಿ ಪಕ್ಕದಲ್ಲಿಟ್ಟು ನೋಡಿದ್ದೂ ಉಂಟು. ಒಂದು ಕೂಸಿನ ತೊಡೆ ಕೆಂಪಾಯಿತು, ಅವತ್ತೇ ಬಿಟ್ಟೆ. ಇನ್ನೊಂದು, ಡಯಾಪರ್ ತೂಗಿ ಯೂರಿನ್ ಲೆಕ್ಕ ಹಾಕುವುದು. ಮೇಲಿಂದ ಕಾಯಿಸುವ ರೇಡಿಯಂಟ್ ವಾರ್ಮರ್ ಕೆಳಗೆ ಅದು ಒಣಗಿಹೋಗಿ ತೂಕ ಸುಳ್ಳು ಹೇಳುತ್ತದೆ, ಬೇಗ ಬೇಗ ತೂಗಬೇಕು. ನಮ್ಮ ಹಳೇ "ಯೂರಿನ್ ಇಲ್ಲ"ಗಳಲ್ಲಿ ಕೆಲವು ಇವೇ ಇರಬೇಕು.

ಈಚಿನ ಮೂವತ್ತು ಚಿಲ್ಲರೆ ಕೇಸ್‌ಗಳಲ್ಲಿ 36ಕ್ಕಿಂತ ಕೆಳಗೆ ಹೋದದ್ದು ಮೂರೋ ನಾಲ್ಕೋ. ಬೆಳಗಿನ ಫೋನ್ ತುಂಬಾ ಕಮ್ಮಿ. ಎಲ್ಲಾ ಬಿಸಿಯ ಪುಣ್ಯ ಅಂತ ಹೇಳಲ್ಲ, ಅದೇ ಹೊತ್ತಿನಲ್ಲಿ ಬಿಪಿ ಕಡೆಗೂ ಜಾಸ್ತಿ ಗಮನ ಕೊಟ್ಟೆವು, ಕಿಡ್ನಿಗೆ ಪೆಟ್ಟು ಕೊಡಬಲ್ಲ ಆಂಟಿಬಯಾಟಿಕ್ ಅಮಿಕಾಸಿನ್‌ನ ಡೋಸ್ ಗ್ಯಾಪ್ ಕೂಡ ಕಟ್ಟುನಿಟ್ಟಾಗಿ ಪಾಲಿಸಿದೆವು. ಸರ್ಜನ್ ಈಗಲೂ ಬೆವರುತ್ತಾರೆ. ಅವರ ಹಣೆ ಒರೆಸಲು ಒಬ್ಬ ಸಿಸ್ಟರ್‌ಗೆ ಡ್ಯೂಟಿ ಹಾಕಿದ್ದೇವೆ.