272 ಕಿ.ಮೀ.ಗೆ ಒಂದು ಗಂಟೆ ಯಾಕೆ? ನಾನೇ ಹಾಕಿದ ಲೆಕ್ಕ

ವಿಮಾನದ ಟಿಕೆಟ್‌ನಲ್ಲಿ 1 ಗಂಟೆ 10 ನಿಮಿಷ ಅಂತ ಇತ್ತು. ನಕ್ಷೆಯಲ್ಲಿ ನೋಡಿದರೆ ಎರಡು ಊರಿನ ನಡುವೆ ಒಂದು ಗೇಣೂ ಇಲ್ಲ. ಜೆಟ್ ವಿಮಾನ ಗಂಟೆಗೆ ಸುಮಾರು 850 ಕಿ.ಮೀ. ಹಾರುತ್ತದೆ, ಅಲ್ವಾ? ಮತ್ತೆ ಇಷ್ಟು ಹೊತ್ತು ಯಾಕೆ? ಪೆನ್ನು ಹಿಡಿದು ಕೂತೆ.

ಮೊದಲು ದೂರ. ರಸ್ತೆಯ 340 ಕಿ.ಮೀ. ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ನೇರ ದೂರ ಬೇಕು. ಎರಡೂ ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬರೆದುಕೊಂಡೆ. ಊರಿನದ್ದಲ್ಲ, ನಿಲ್ದಾಣದ್ದು. ವಿಮಾನ ಊರ ನಡುವೆ ಇಳಿಯುವುದಿಲ್ಲವಲ್ಲ.

ಅಕ್ಷಾಂಶದ ಒಂದು ಡಿಗ್ರಿ ಎಲ್ಲೇ ಆದರೂ ಸುಮಾರು 111 ಕಿ.ಮೀ. ರೇಖಾಂಶದ ಡಿಗ್ರಿ ಹಾಗಲ್ಲ. ಸಮಭಾಜಕದಲ್ಲಿ 111 ಇದ್ದದ್ದು ಧ್ರುವದ ಕಡೆ ಹೋದಂತೆ ಕಿರಿದಾಗುತ್ತಾ ಬರುತ್ತದೆ. ಅದಕ್ಕೇ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ನನ್ನ ಊರುಗಳ ನಡುವೆ ಅಕ್ಷಾಂಶದ ವ್ಯತ್ಯಾಸ ಒಂದೂವರೆ ಡಿಗ್ರಿ, ರೇಖಾಂಶದ್ದು 2 ಡಿಗ್ರಿ. ಉತ್ತರ ದಕ್ಷಿಣ 166 ಕಿ.ಮೀ., ಪೂರ್ವ ಪಶ್ಚಿಮ 215. ಖಂಡ ದಾಟುವ ದೂರವಾದರೆ ಭೂಮಿಯ ಗುಂಡು ಆಕಾರ ಲೆಕ್ಕಕ್ಕೆ ಬರುತ್ತದೆ. ಇಷ್ಟು ಹತ್ತಿರಕ್ಕೆ ಶಾಲೆಯ ಪೈಥಾಗೊರಸ್ ಸಾಕು. ಸಿಕ್ಕ ನೇರ ದೂರ 272 ಕಿ.ಮೀ.

ಮೊದಲ ಸಲ ಬಂದದ್ದು 259. ಫೋನಿನ ನಕ್ಷೆಯಲ್ಲಿ ಗೆರೆ ಎಳೆದು ನೋಡಿದಾಗ ತಾಳೆ ಆಗಲಿಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಸಿಕ್ಕಿತು: 15 ಡಿಗ್ರಿ 30 ಮಿನಿಟ್ ಅನ್ನುವುದನ್ನು ನಾನು 15.30 ಅಂತ ಬರೆದಿದ್ದೆ. ಡಿಗ್ರಿಗೆ 60 ಮಿನಿಟ್, ಅಂದರೆ ಅದು 15.50. ಗಡಿಯಾರ ನೋಡಿ ಬೆಳೆದವನು ಮಾಡುವ ತಪ್ಪಾ ಇದು!

272ನ್ನು 850ರಿಂದ ಭಾಗಿಸಿದರೆ 19 ನಿಮಿಷ. ಟಿಕೆಟ್ ಹೇಳುವುದು 70. ಉಳಿದ 51 ನಿಮಿಷ ಎಲ್ಲಿ ಹೋಯಿತು?

ಹಾರುವ ದಿನ ಕಿಟಕಿ ಪಕ್ಕ ಕೂತು ಫೋನಿನಲ್ಲಿ ಸಮಯ ಗುರುತು ಹಾಕಿಕೊಂಡೆ. ನಿಂತಿದ್ದ ವಿಮಾನವನ್ನು ಹಿಂದಕ್ಕೆ ತಳ್ಳಿದ ಕ್ಷಣದಿಂದ ಚಕ್ರ ನೆಲ ಬಿಡುವವರೆಗೆ 14 ನಿಮಿಷ. ಗಾಳಿಯಲ್ಲಿ 39. ಇಳಿದ ಮೇಲೆ ತೆವಳಿಕೊಂಡು ಹೋಗಿ ನಿಲ್ಲಲು 6. ಒಟ್ಟು 59. ಉಳಿದ 11 ನಿಮಿಷ ತಡವಾದರೂ ಇರಲಿ ಅಂತ ವೇಳಾಪಟ್ಟಿಯಲ್ಲಿ ಮೊದಲೇ ಸೇರಿಸಿದ್ದು.

ಗಾಳಿಯಲ್ಲಿ 19 ಯಾಕೆ 39 ಆಯಿತು ಅನ್ನುವುದೇ ನನಗೆ ಇಷ್ಟವಾದ ಭಾಗ. 10,000 ಅಡಿಯ ಕೆಳಗೆ ಸಾಮಾನ್ಯವಾಗಿ 250 ನಾಟ್ ಮಿತಿ, ಅಂದರೆ ಗಂಟೆಗೆ ಸುಮಾರು 463 ಕಿ.ಮೀ. ಏರಿ ಮುಗಿಯುವಷ್ಟರಲ್ಲಿ ಇಳಿಯುವ ಹೊತ್ತು. ಪೂರ್ತಿ ವೇಗದಲ್ಲಿ ಹಾರುವುದು ಸ್ವಲ್ಪ ಹೊತ್ತು ಮಾತ್ರ. ಕೊನೆಗೆ ರನ್‌ವೇಗೆ ಸರಿಯಾಗಿ ಎದುರು ಬರಲು ಸುತ್ತು ಬೇರೆ. ಗಾಳಿಯ ಕಾಟ ಮಾತ್ರ ಇಲ್ಲಿ ಜಾಸ್ತಿ ಇಲ್ಲ. ಗಂಟೆಗೆ 60 ಕಿ.ಮೀ. ಎದುರುಗಾಳಿ ಇದ್ದರೂ ನನ್ನ 19 ನಿಮಿಷ 21ನ್ನು ದಾಟುವುದಿಲ್ಲ.

ಈಗ ಹತ್ತಿರದ ಊರಿಗೆ ನನ್ನ ಲೆಕ್ಕ ಸುಲಭ: ನೇರ ದೂರವನ್ನು 850ರಿಂದ ಭಾಗಿಸು, ಏರಿಳಿತಕ್ಕೆ 20 ನಿಮಿಷ ಸೇರಿಸು, ನೆಲದ ಮೇಲೆ ಓಡಾಡಲು ಇನ್ನೊಂದು 20. ವಾಪಸ್ ಬರುವಾಗ ಪಕ್ಕದವರಿಗೆ 59 ನಿಮಿಷ ಅಂತ ಜಂಬದಿಂದ ಹೇಳಿದೆ. ರನ್‌ವೇಯ ಇನ್ನೊಂದು ತುದಿಯಿಂದ ಇಳಿಸಿದರು, 64 ಆಯಿತು.