ಮೂಲೆ ನುಂಗದ ಹುಡ್

ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಮಾರನೇ ದಿನ ಮಂದ್‌ನಲ್ಲಿ, ಅಂದರೆ ಊರ ಬಯಲಿನಲ್ಲಿ, ನಡೆದ ಕೋಲಾಟದ್ದು ಒಂದು ರೋಲ್ ಫಿಲ್ಮ್ ನನ್ನ ಬಳಿ ಇದೆ. 36 ಫ್ರೇಮು. ಬೆಳಕು ಚೆನ್ನಾಗಿತ್ತು, ಫೋಕಸ್ ಸರಿಯಿತ್ತು, ಕೋಲಿಗೆ ಕೋಲು ತಾಗುವ ಗಳಿಗೆಯೂ ಒಂದೆರಡು ಕಡೆ ಸಿಕ್ಕಿದೆ. ಆದರೆ 36ರಲ್ಲಿ ಒಂದನ್ನೂ ಬಿಡದೆ ನಾಲ್ಕು ಮೂಲೆ ಕಪ್ಪು. ಕೊಳವೆಯೊಳಗಿಂದ ಇಣುಕಿದ ಹಾಗೆ. 35 ಮಿ.ಮೀ. ಲೆನ್ಸಿಗೆ 50 ಮಿ.ಮೀ. ಲೆನ್ಸಿನ ಹುಡ್, ಅಂದರೆ ಅಡ್ಡ ಬೆಳಕು ತಡೆಯಲು ಲೆನ್ಸಿನ ಬಾಯಿಗೆ ಹಾಕುವ ಬಳೆ, ತಿರುಗಿಸಿಕೊಂಡು ಹೋಗಿದ್ದೆ. ಎರಡರ ಥ್ರೆಡ್ಡೂ ಒಂದೇ ಅಳತೆ, ಸಲೀಸಾಗಿ ಕೂತಿತು. ಕೂತಿತಲ್ಲ, ಹೊಂದಿತು ಅಂದುಕೊಂಡೆ. ವ್ಯೂಫೈಂಡರಿನಲ್ಲಿ ನೋಡಿದರೆ ಎಲ್ಲ ನಿಚ್ಚಳ. ರೇಂಜ್‌ಫೈಂಡರ್ ಕ್ಯಾಮೆರಾದ ತಕರಾರೇ ಅದು. ನಾವು ನೋಡುವ ಕಿಂಡಿ ಬೇರೆ, ಫಿಲ್ಮ್ ನೋಡುವ ಕಣ್ಣು ಬೇರೆ. ಹುಡ್ ಮೂಲೆ ನುಂಗಿದ್ದು ರೋಲ್ ತೊಳೆದು ಬಂದ ಮೇಲೇ ಗೊತ್ತಾಗುವುದು.

ಈಚೆಗೆ ಮಡಿಕೇರಿ, ಗೋಣಿಕೊಪ್ಪ ಕಡೆಯ ಹುಡುಗರ ಕೈಯಲ್ಲಿ ಹಳೇ ರೇಂಜ್‌ಫೈಂಡರ್‌ಗಳು ಮತ್ತೆ ಕಾಣಿಸುತ್ತಿವೆ. ಮಿಲಿಟರಿಯಲ್ಲಿದ್ದ ಅಜ್ಜನ ಟ್ರಂಕಿನಿಂದ ಎದ್ದು ಬಂದ ಯಾಶಿಕಾ, ಯಾರೋ ತರಿಸಿಕೊಂಡ ರಷ್ಯದ ಜೋರ್ಕಿ, ಕೈಯಲ್ಲಿ ಸ್ವಲ್ಪ ಕಾಸಿದ್ದವರ ಬಳಿ ಲೈಕಾ. ಕ್ಯಾಮೆರಾ ಬಂದ ಮಾರನೇ ದಿನವೇ ಪ್ರಶ್ನೆ: "ಅಂಕಲ್, ಇದಕ್ಕೆ ಯಾವ ಹುಡ್ ತಗೊಳ್ಳಲಿ?" ನಾನು ಹೇಳಿ ಮುಗಿಸುವಷ್ಟರಲ್ಲಿ ಆನ್‌ಲೈನಿನಲ್ಲಿ ಆರ್ಡರ್ ಆಗಿರುತ್ತದೆ, ಹೆಚ್ಚಾಗಿ ತಪ್ಪಾದದ್ದೇ. ಅದಕ್ಕೇ ಈ ಬರಹ.

ಮೊದಲು: ನಿಜಕ್ಕೂ ಬೇಕೇ?

ಬೇಕು. ಕಾಫಿ ತೋಟದೊಳಗೆ ನಿಂತು ನೋಡಿ. ಮುಖದ ಮೇಲೆ ನೆರಳು, ತಲೆಯ ಮೇಲೆ ಸಿಲ್ವರ್ ಓಕ್ ಎಲೆಗಳ ಸಂದಿಯಿಂದ ಸುರಿಯುವ ಬಿಳಿ ಆಕಾಶ. ಆ ಬೆಳಕು ಚಿತ್ರದ ಚೌಕಟ್ಟಿನೊಳಗೆ ಇಲ್ಲದಿದ್ದರೂ ಓರೆಯಾಗಿ ಬಂದು ಲೆನ್ಸಿನ ಗಾಜಿಗೆ ಬಡಿಯುತ್ತದೆ. ಕಪ್ಪು ಬೂದಿಯಾಗುತ್ತದೆ, ಬಣ್ಣ ತೊಳೆದಂತಾಗುತ್ತದೆ. ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲಾ ಗಾಜಿನ ಮೇಲೆ ಕೋಟಿಂಗ್ ಹಾಕುವ ವಿಧಾನ ಕಂಡುಹಿಡಿದದ್ದು 1935ರಲ್ಲಿ. ಅದಕ್ಕೂ ಹಿಂದಿನ ಲೆನ್ಸ್ ನಿಮ್ಮ ಕೈಗೆ ಬಂದಿದ್ದರೆ ಅದರ ಗಾಜಿನ ಒಂದೊಂದು ಮೈಯೂ ಶೇಕಡಾ 4ರಿಂದ 5ರಷ್ಟು ಬೆಳಕನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ಹುಡ್ ಇಲ್ಲದೆ ಹೊರಗೆ ಒಯ್ಯಬೇಡಿ. ಸೂರ್ಯನೇ ಚಿತ್ರದೊಳಗಿದ್ದರೆ ಮಾತ್ರ ಯಾವ ಹುಡ್ಡೂ ಏನೂ ಮಾಡದು. ರಾಜಾಸೀಟಿನ ಸೂರ್ಯಾಸ್ತ ತೆಗೆಯಲು ಹುಡ್ ಹುಡುಕುತ್ತಾ ಬಂದವರಿಗೆ ನಾನು ಕಾಫಿ ಕೊಟ್ಟು ಕಳಿಸುತ್ತೇನೆ.

ಕೊನಿಕಾ ಆಟೋ ಎಸ್2 ಕ್ಯಾಮೆರಾಕ್ಕೆ, ಲೈಕಾದ 1994ರ ನಂತರದ 50 ಸುಮಿಕ್ರಾನ್ ಲೆನ್ಸಿಗೆ ಎಳೆದರೆ ಹೊರಬರುವ ಹುಡ್ ಮೈಯಲ್ಲೇ ಇದೆ. ರಷ್ಯದ ಜುಪಿಟರ್-12 ಲೆನ್ಸಿನಲ್ಲಿ ಮುಂದಿನ ಗಾಜು ಬಾವಿಯೊಳಗೆ ಇಳಿದಂತೆ ಆಳದಲ್ಲಿದೆ, ಅದೇ ಹುಡ್. ಇವುಗಳಿಗೆ ದುಡ್ಡು ಹಾಕಬೇಡಿ.

ಅಳತೆ

ಲೆನ್ಸಿನ ಹೆಸರು ನೋಡಿ ಹುಡ್ ಕೊಳ್ಳಬೇಡಿ, ಅಳತೆ ನೋಡಿ ಕೊಳ್ಳಿ. ಹುಡ್ ಕೂರುವ ಫಿಲ್ಟರ್ ಥ್ರೆಡ್ ಯಾಶಿಕಾ ಎಲೆಕ್ಟ್ರೋ 35ಕ್ಕೆ 55 ಮಿ.ಮೀ., ಕ್ಯಾನನೆಟ್ ಕ್ಯುಎಲ್17 ಜಿ-3ಕ್ಕೆ 48, ಜುಪಿಟರ್-8 ಮತ್ತು ಇಂಡಸ್ಟಾರ್-61ಕ್ಕೆ 40.5, ಲೈಕಾದ ಚಿಕ್ಕ ಲೆನ್ಸುಗಳಿಗೆ ಹೆಚ್ಚಾಗಿ 39. ನಿಮ್ಮದು ಈ ಪಟ್ಟಿಯಲ್ಲಿ ಇಲ್ಲದಿದ್ದರೆ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ. ಸ್ಕೇಲಿನಲ್ಲಿ ಅಳೆದರೆ 40 ಯಾವುದು, 40.5 ಯಾವುದು ತಿಳಿಯದು.

39ರಲ್ಲಿ ಒಂದು ಗುಂಡಿ ಇದೆ, ಎಷ್ಟೋ ಜನ ಬಿದ್ದಿದ್ದಾರೆ. ಹಳೇ ಲೈಕಾ ಲೆನ್ಸನ್ನು ಕ್ಯಾಮೆರಾಕ್ಕೆ ತಿರುಗಿಸಿ ಕೂರಿಸುವ ಮೌಂಟೂ 39 ಮಿ.ಮೀ., ಹಲವಕ್ಕೆ ಮುಂದಿನ ಫಿಲ್ಟರ್ ಥ್ರೆಡ್ಡೂ 39. ಆದರೆ ಮೌಂಟಿನ ಥ್ರೆಡ್ ಅಂಗುಲಕ್ಕೆ 26 ಸುತ್ತು, ಅಂದರೆ ಸುತ್ತಿಗೆ ಹತ್ತಿರ ಹತ್ತಿರ 1 ಮಿ.ಮೀ.; ಫಿಲ್ಟರಿನದು ಸುತ್ತಿಗೆ ಅರ್ಧ ಮಿ.ಮೀ. ಮೌಂಟಿಗೆಂದು ಮಾಡಿದ ರಿಂಗನ್ನು ಮುಂದೆ ಹಾಕಿದರೆ ಅರ್ಧ ಸುತ್ತು ಹೋಗಿ ಬಿಗಿಯುತ್ತದೆ. ಅಲ್ಲೇ ನಿಲ್ಲಿಸಿ ಹಿಂದಕ್ಕೆ ತಿರುಗಿಸಿ. ಜೋರು ಮಾಡಿದರೆ ಹೋಗುವುದು ಲೆನ್ಸಿನ ಹಿತ್ತಾಳೆ ಥ್ರೆಡ್.

ತಿರುಗಿಸುವ ಹುಡ್ಡಲ್ಲದೆ ಹೊರಗಿನಿಂದ ಕಚ್ಚಿಕೊಳ್ಳುವವೂ ಇವೆ. ಲೈಕಾದ ಹಳೇ 50 ಎಲ್ಮಾರ್ ಲೆನ್ಸಿನ ಫಿಸನ್ ಹುಡ್ 36 ಮಿ.ಮೀ. ಹೊರ ಅಂಚಿಗೆ ತೊಡಿಸಿ ಸ್ಕ್ರೂ ಬಿಗಿಯುವಂಥದ್ದು. ಚೆಂದವಾಗಿದೆ, ಆದರೆ ಎಲ್ಮಾರಿನ ಅಪರ್ಚರ್ (ಬೆಳಕು ಬಿಡುವ ತೂತು) ಹಿಗ್ಗಿಸಿ ಕುಗ್ಗಿಸುವ ಕಡ್ಡಿ ಇರುವುದೇ ಲೆನ್ಸಿನ ಮುಖದ ಮೇಲೆ. ಹುಡ್ ಹಾಕಿದ ಮೇಲೆ ಅಪರ್ಚರ್ ಬದಲಿಸಲು ಬೆರಳು ಒಳಗೆ ತೂರಿಸಬೇಕು, ಬೆರಳು ಗಾಜಿಗೆ ತಾಗುತ್ತದೆ, ಆಮೇಲೆ ಒರೆಸುವ ಕೆಲಸ. ಲೈಕಾದ ಐರೂವಾ, 12585ರಂಥ ಹುಡ್‌ಗಳು ಎರಡು ಸ್ಪ್ರಿಂಗ್ ಗುಂಡಿಯಿಂದ ಲೆನ್ಸಿನ ಅಂಚಿನ ತೋಡಿಗೆ ಕೂರುತ್ತವೆ. ತಿರುವಿ ಲೆನ್ಸಿನ ಮೇಲೇ ಮಡಚಿಡಬಹುದು. ನನ್ನ ಮಟ್ಟಿಗೆ ಇದೇ ಸರಿಯಾದ ಜಾತಿ. ಅಂಚಿನಲ್ಲಿ ತೋಡು ಇಲ್ಲದ ಲೆನ್ಸಿಗೆ ಮಾತ್ರ ಕೂರದು.

ಆಕಾರ

ದುಂಡಗಿನದು, ಲೋಹದ್ದು, ಗಿಡ್ಡದು, ಪಕ್ಕದಲ್ಲಿ ಕಿಂಡಿ ಕೊರೆದದ್ದು. ಹೂವಿನ ದಳದಂಥ ಹುಡ್ ಲೆನ್ಸಿನ ಮೂಲಕವೇ ನೋಡುವ ಎಸ್‌ಎಲ್‌ಆರ್ ಕ್ಯಾಮೆರಾದವರಿಗೆ ಬಿಡಿ. ಹಳೇ ಸ್ಕ್ರೂ ಲೆನ್ಸುಗಳಲ್ಲಿ ಬಹಳಷ್ಟು ಫೋಕಸ್ ಮಾಡುವಾಗ ಮೂತಿಸಮೇತ ತಿರುಗುತ್ತವೆ. ದಳವೂ ಜೊತೆಗೆ ತಿರುಗಿ ಚಿತ್ರದೊಳಗೆ ಬಂದು ನಿಲ್ಲುತ್ತದೆ. '28, 35, 50, ಎಲ್ಲಕ್ಕೂ ಆಗುತ್ತದೆ' ಅಂತ ಮೂರು ಮಡಿಕೆಯ ರಬ್ಬರ್ ಹುಡ್ ಮಾರುತ್ತಾರೆ. ನಮ್ಮ ಮಳೆಗಾಲ ಎರಡು ಕಳೆದರೆ ಅಂಟಂಟಾಗಿ ಕೈಗೆ ಬರುತ್ತದೆ. ಬಸ್ಸಿನ ಗಾಜಿಗೆ ಒತ್ತಿ ಹಿಡಿದು ತೆಗೆಯಲು ಅದು ಒಳ್ಳೆಯದು, ಅಷ್ಟಕ್ಕೆ ಒಂದು ಇಟ್ಟುಕೊಳ್ಳಿ.

ಎಷ್ಟು ಉದ್ದ, ಎಷ್ಟು ಅಗಲ ಎಂಬುದಕ್ಕೆ ಸಣ್ಣ ಲೆಕ್ಕ. 35 ಎಂ.ಎಂ. ಫಿಲ್ಮಿನ ಫ್ರೇಮು 24 × 36, ಅದರ ಮೂಲೆಯಿಂದ ಮೂಲೆಗೆ 43.3 ಮಿ.ಮೀ. ಅದನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ (35, 50 ಎನ್ನುವ ಆ ಸಂಖ್ಯೆಯಿಂದ) ಭಾಗಿಸಿ. ಹುಡ್ ಪ್ರತಿ 10 ಮಿ.ಮೀ. ಮುಂದಕ್ಕೆ ಚಾಚಿದಾಗ ಬಾಯಿ 50ರ ಲೆನ್ಸಿಗೆ 8.7 ಮಿ.ಮೀ. ಹಿಗ್ಗಬೇಕು, 35ಕ್ಕೆ 12.4, 28ಕ್ಕೆ 15.5. ಕೊಳವೆಯಂತೆ ನೇರವಾಗಿರುವ ಹುಡ್ 90ಕ್ಕೆ ಸರಿಹೋಗಬಹುದು, 35ಕ್ಕೆ ಯಾಕಾಗದು ಅಂತ ಈಗ ಗೊತ್ತಾಯಿತಲ್ಲ. ನನಗೆ ಇದು ಹುತ್ತರಿಗೆ ಮೊದಲು ಗೊತ್ತಿರಬೇಕಿತ್ತು.

ಮೂಲೆ ಪರೀಕ್ಷೆ

ಇಲ್ಲಿ ನಿಧಾನಿಸಿ. ಅಂಗಡಿಯವರು ಹೇಳಿದರು, ಡಬ್ಬಿಯ ಮೇಲೆ ಬರೆದಿತ್ತು ಅಂತ ಬಿಟ್ಟುಬಿಡುವವರೇ ಎಲ್ಲ.

ಫಿಲ್ಮ್ ಇಲ್ಲದ ಕ್ಯಾಮೆರಾದ ಹಿಂಬಾಗಿಲು ತೆರೆಯಿರಿ. ಶಟರ್ 'ಬಿ'ಗೆ ಇಟ್ಟು ಕೇಬಲ್ ರಿಲೀಸಿನಿಂದ ತೆರೆದೇ ನಿಲ್ಲಿಸಿ. ಫೋಕಸ್ ಇನ್ಫಿನಿಟಿಗೆ, ಅಂದರೆ ಅತಿ ದೂರಕ್ಕೆ, ತನ್ನಿ. ಇದನ್ನು ಮರೆತರೆ ಪರೀಕ್ಷೆಯೇ ಸುಳ್ಳು: ಹತ್ತಿರಕ್ಕೆ ಫೋಕಸ್ ಮಾಡಿದಾಗ ಲೆನ್ಸ್ ಮುಂದೆ ಸರಿದು ನೋಟದ ಕೋನ ಕಿರಿದಾಗುತ್ತದೆ, ಹುಡ್ ತಪ್ಪಿಸಿಕೊಳ್ಳುತ್ತದೆ. ಕೋನ ಅತಿ ಅಗಲವಾಗುವುದು ಇನ್ಫಿನಿಟಿಯಲ್ಲಿ. ಅಪರ್ಚರ್ 8ಕ್ಕೆ ಇಡಿ. ಮಾಮೂಲಾಗಿ ಹಾಕುವ ಫಿಲ್ಟರ್ ಇದ್ದರೆ ಅದನ್ನೂ ಹಾಕಿ, ಅದರ ಮೇಲೆ ಹುಡ್. ಫಿಲ್ಟರಿನ ದಪ್ಪದಷ್ಟು ಹುಡ್ ಮುಂದಕ್ಕೆ ಹೋಗುತ್ತದೆ. ಫಿಲ್ಟರಿಲ್ಲದೆ ಪಾಸಾದ ಹುಡ್ ಫಿಲ್ಟರಿನೊಂದಿಗೆ ಫೇಲಾಗುವುದು ದಿನನಿತ್ಯದ ಮಾತು.

ಈಗ ಕ್ಯಾಮೆರಾವನ್ನು ಬಿಳಿ ಆಕಾಶದ ಕಡೆ ಹಿಡಿದು ಹಿಂದಿನಿಂದ ನೋಡಿ. ಫಿಲ್ಮ್ ಕೂರುವ ಚೌಕದ ನಡುವೆ ಅಪರ್ಚರಿನ ತೂತು ಬೆಳ್ಳಗೆ ಕಾಣುತ್ತದೆ. ಕ್ಯಾಮೆರಾವನ್ನು ಮೆಲ್ಲಗೆ ಓರೆಯಾಗಿ ವಾಲಿಸುತ್ತಾ ಹೋಗಿ. ಆ ಬಿಳಿ ಚುಕ್ಕೆ ಚೌಕದ ಒಂದು ಮೂಲೆಯತ್ತ ಸರಿಯುತ್ತದೆ. ಮೂಲೆಗೆ ತಾಗುವ ಹೊತ್ತಿಗೆ ಚುಕ್ಕೆಯ ಆಕಾರ ನೋಡಿ. ಇಡಿಯಾಗಿಯೇ ಇದ್ದರೆ ಆ ಮೂಲೆ ಪಾಸು. ಇಲಿ ಕಚ್ಚಿದ ರೊಟ್ಟಿಯಂತೆ ಒಂದು ಬದಿ ತುಂಡಾಗಿದ್ದರೆ, ಕಚ್ಚಿದ್ದು ಹುಡ್. ನಾಲ್ಕು ಮೂಲೆಯನ್ನೂ ನೋಡಿ. ಹುಡ್ ಸ್ವಲ್ಪ ಸೊಟ್ಟ ಕೂತರೆ ಮೂರು ಮೂಲೆ ಸರಿಯಿದ್ದು ಒಂದೇ ಕಪ್ಪಾಗುತ್ತದೆ. ಆಮೇಲೆ ಅಪರ್ಚರ್ ಪೂರ್ತಿ ತೆರೆದು ಮತ್ತೊಮ್ಮೆ. ಈಗ ಚುಕ್ಕೆ ಮೂಲೆಗೆ ಬಂದಾಗ ಬೆಕ್ಕಿನ ಕಣ್ಣಿನಂತೆ ಕಿರಿದಾದರೆ ಹೆದರಬೇಡಿ, ಅದು ಲೆನ್ಸಿನ ಸ್ವಂತ ಕೊಳವೆ ಮಾಡುವ ಕೆಲಸ. ಹುಡ್ ತೆಗೆದು ಅದೇ ಮೂಲೆ ನೋಡಿ. ಇದ್ದಾಗಲೂ ಇಲ್ಲದಾಗಲೂ ಒಂದೇ ರೀತಿ ಕಂಡರೆ ಹುಡ್ ನಿರಪರಾಧಿ. ಪೂರ್ತಿ ತೆರೆದಾಗ ಹುಡ್ ಚೂರು ಕಚ್ಚಿದರೆ ನಾನು ಮಾಫಿ ಮಾಡುತ್ತೇನೆ, ಚಿತ್ರದಲ್ಲಿ ಅದು ಮೆಲ್ಲನೆ ಕಪ್ಪಾಗಿ ಕಣ್ಣಿಗೆ ಬೀಳದು. 8ರಲ್ಲಿ ಕಚ್ಚಿದರೆ ಮಾಫಿಯಿಲ್ಲ, ಅಲ್ಲಿ ಅಂಚು ಕತ್ತಿಯಂತೆ ಬರುತ್ತದೆ.

ಲೈಕಾ ಎಂ ಫಿಲ್ಮ್ ಕ್ಯಾಮೆರಾದಲ್ಲಿ ತಳದ ತಟ್ಟೆ ಕಳಚಿ ಹಿಂದಿನ ಪಟ್ಟಿ ಎತ್ತಿದರೆ ಇದನ್ನೇ ಮಾಡಬಹುದು. ಬರೀ ತಳದಿಂದ ಫಿಲ್ಮ್ ತುಂಬುವ ಹಳೇ ಜೋರ್ಕಿ, ಫೆಡ್‌ಗಳಿಗೆ ಬಾಗಿಲೇ ಇಲ್ಲ; ಇನ್ಫಿನಿಟಿಯಲ್ಲಿ, 16ರ ಅಪರ್ಚರಿನಲ್ಲಿ ಬಿಳಿ ಬಯಲನ್ನು ಹುಡ್ ಹಾಕಿ ಒಂದು, ಹಾಕದೆ ಒಂದು ಫ್ರೇಮ್ ತೆಗೆಯಿರಿ. ಬಿಳಿ ಬಯಲಿಗೆ ಕೊಡಗಿನವರು ಅಲೆಯಬೇಕಿಲ್ಲ. ಜುಲೈಯಲ್ಲಿ ಮಾಂದಲ್‌ಪಟ್ಟಿಗೆ ಹೋಗಿ ಮಂಜು ಬಿಟ್ಟು ಏನೂ ಕಾಣಲಿಲ್ಲ ಅಂತ ಪ್ರವಾಸಿಗರು ಬೈದುಕೊಂಡು ಇಳಿಯುತ್ತಾರೆ. ಹುಡ್ ಪರೀಕ್ಷೆಗೆ ಅದಕ್ಕಿಂತ ಒಳ್ಳೆ ಗೋಡೆ ನಾನು ನೋಡಿಲ್ಲ.

ಕಿಂಡಿ ಪರೀಕ್ಷೆ

ಮೂಲೆಗೆ ಇನ್ಫಿನಿಟಿ ಕಷ್ಟ, ವ್ಯೂಫೈಂಡರಿಗೆ ಹತ್ತಿರ ಕಷ್ಟ. ಲೈಕಾದಲ್ಲಿ ಕಣ್ಣಿಡುವ ಕಿಂಡಿ ಎಡಕ್ಕೆ, ಮೇಲೆ. ಲೆನ್ಸ್ ಅದರಿಂದ ಬಲಕ್ಕೆ, ಕೆಳಗೆ. ಹಾಗಾಗಿ ಹುಡ್ ಕಾಣಿಸಿಕೊಳ್ಳುವುದು ಚೌಕಟ್ಟಿನ ಬಲ ಕೆಳ ಮೂಲೆಯಲ್ಲಿ. 1954ರ ಲೈಕಾ ಎಂ3ಯಿಂದ ಈಚೆಗೆ ಹತ್ತಿರಕ್ಕೆ ಫೋಕಸ್ ಮಾಡಿದಂತೆ ವ್ಯೂಫೈಂಡರಿನೊಳಗೆ ಕಾಣುವ ಚೌಕಟ್ಟಿನ ಗೆರೆಗಳೂ ಲೆನ್ಸಿನ ಕಡೆಗೇ, ಅಂದರೆ ಅದೇ ಮೂಲೆಗೇ ಜಾರುತ್ತವೆ. ದೂರದ ಬೆಟ್ಟ ನೋಡಿ 'ಹುಡ್ ಅಡ್ಡ ಬರಲ್ಲ' ಅಂದವರು ಮನೆಗೆ ಬಂದು ಮಗುವಿನ ಫೋಟೋ ತೆಗೆಯುವಾಗ ಕೈಯಲ್ಲಿದ್ದ ಲೋಟ ಕಾಣದೆ ಪರದಾಡುತ್ತಾರೆ. ಒಂದು ಮೀಟರ್ ದೂರದಲ್ಲಿ ಯಾರನ್ನಾದರೂ ಕೂರಿಸಿ, ಫೋಕಸ್ ಮಾಡಿ, ಆಮೇಲೆ ನೋಡಿ. ಚೌಕಟ್ಟಿನ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಮುಚ್ಚಿದರೆ ನಾನು ವಾಪಸ್ ಕಳಿಸುತ್ತೇನೆ.

ಪಕ್ಕದಲ್ಲಿ ಕಿಂಡಿ ಕೊರೆದ ಹುಡ್ ಬೇಕು ಅಂದದ್ದು ಇದಕ್ಕೇ, ಆ ಸಂದಿಯಿಂದ ಆಚೆಗಿನದು ಕಾಣುತ್ತದೆ. ಆದರೆ ಥ್ರೆಡ್ಡಿನ ಹುಡ್ ಬಿಗಿಯಾದಾಗ ಕಿಂಡಿ ಎಲ್ಲೋ ಹೋಗಿ ಲೋಹದ ಪಟ್ಟಿ ನಿಮ್ಮ ಕಣ್ಣೆದುರಿಗೆ ನಿಲ್ಲಬಹುದು. ಹಿಂದೆ ಲಾಕ್ ರಿಂಗ್ ಇರುವ ಹುಡ್ಡಾದರೆ ಬೇಕಾದ ಕಡೆ ನಿಲ್ಲಿಸಿ ಬಿಗಿಯಬಹುದು. ಸರಿಯಾದ ಜಾಗ ಸಿಕ್ಕಿದ ಮೇಲೆ ಹುಡ್‌ಗೂ ಲೆನ್ಸಿಗೂ ಒಂದೊಂದು ಚುಕ್ಕಿ ಉಗುರುಬಣ್ಣ. ನಮ್ಮ ಮನೆಯವರ ಬಾಟಲಿ ಅರ್ಧ ಖಾಲಿಯಾದದ್ದು ಹೀಗೆ.

ಮುಂದಿನಿಂದಲೂ ಒಮ್ಮೆ ನೋಡಿ. ಫೋಕಸಿನ ಎರಡನೇ ಬಿಂಬ ತರುವ ಸಣ್ಣ ಕಿಂಡಿಯನ್ನು ಹುಡ್ ಮರೆಮಾಡಬಾರದು. ಯಾಶಿಕಾದಂತೆ ಬೆಳಕು ಅಳೆಯುವ ಕಣ್ಣು ಕ್ಯಾಮೆರಾದ ಮೈಮೇಲಿದ್ದರೆ ಅದನ್ನೂ.

ಒಳಗಿನ ಕಪ್ಪು

ಮೊಬೈಲ್ ಟಾರ್ಚ್ ಹಾಕಿ ಹುಡ್‌ನ ಒಳಗೋಡೆ ನೋಡಿ. ಮಿಂಚಿದರೆ ಅದು ಹುಡ್ಡಲ್ಲ, ಕನ್ನಡಿ. ಆನ್‌ಲೈನಿನ ಅಗ್ಗದ ಅಲ್ಯೂಮಿನಿಯಂ ಹುಡ್‌ಗಳಲ್ಲಿ ಬಹಳಷ್ಟು ಹೀಗೇ, ಹೊರಗೆ ಎಷ್ಟು ಚೆಂದವೋ ಒಳಗೆ ಅಷ್ಟೇ ನುಣುಪು. ಬಿಸಾಡಬೇಡಿ, ಕಪ್ಪು ವೆಲ್ವೆಟ್ ಕಾಗದ ಕತ್ತರಿಸಿ ಒಳಗೆ ಅಂಟಿಸಿ. ಹೊಸದಾಗಿ ಬರುವ ನಕಲು ಐರೂವಾಗಳು ನಾನು ನೋಡಿದ ಮಟ್ಟಿಗೆ ಪರವಾಗಿಲ್ಲ, ಸ್ಪ್ರಿಂಗ್ ಮಾತ್ರ ಸಡಿಲ. ಜೀಪಿನಲ್ಲಿ ಕುಲುಕಾಡುವಾಗ ಕೈ ಅಡ್ಡ ಇಟ್ಟುಕೊಳ್ಳಿ.

ಮಳೆಗಾಲಕ್ಕೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹುಡ್‌ನ ಕೆಲಸ ಬಿಸಿಲು ತಡೆಯುವುದಕ್ಕಿಂತ ಹನಿ ತಡೆಯುವುದು. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಸೋನೆ ಮಳೆಯಲ್ಲಿ ಹೊರಗೆ ನಿಂತರೂ ಗಾಜು ಒಣಗಿರುತ್ತದೆ. ಮನೆಗೆ ಬಂದ ಮೇಲೆ ಹುಡ್ ಕಳಚಿ, ಒರೆಸಿ, ಬೇರೆ ಇಡಿ. ಒದ್ದೆ ಹುಡ್ ಮೇಲೆ ಕ್ಯಾಪ್ ಹಾಕಿ ಚರ್ಮದ ಚೀಲಕ್ಕೆ ತುಂಬಿದರೆ ತಿಂಗಳೊಳಗೆ ಗಾಜಿನ ಮೇಲೆ ಜೇಡರ ಬಲೆಯಂತೆ ಫಂಗಸ್ ಎಳೆ ಹೊರಡುತ್ತದೆ. ಒಣಗಲಿ ಅಂತ ಲೆನ್ಸ್ ಸಮೇತ ಒಲೆ ಮೇಲಿನ ಅಟ್ಟಕ್ಕೆ ಏರಿಸಿ ಕಾಚಂಪುಳಿ (ಅಡುಗೆಯ ಕಪ್ಪು ಹುಳಿರಸ) ಬಾಟಲಿ ಪಕ್ಕ ಇಟ್ಟವರೊಬ್ಬರು ನನಗೆ ಗೊತ್ತು. ಗಾಜಿನ ಮೇಲೆ ಕೂತ ಹೊಗೆಯ ಜಿಡ್ಡು ಇನ್ನೂ ಬಿಟ್ಟಿಲ್ಲ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿ, ಒಂದು ಹಿಡಿ ಸಿಲಿಕಾ ಜೆಲ್. ಜೆಲ್ಲಿನ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಹಾಕಿ, ಅಡುಗೆಗೆ ಬಳಸದ ಬಾಣಲೆಯಲ್ಲಿ.