ಉಸಿರನ್ನು ತಡೆಯುವುದು, ಉಸಿರನ್ನು ಅರಿಯುವುದು: ನನ್ನ ಅನುಭವ

ಚಿತ್ರದುರ್ಗದಲ್ಲಿ ನೆಲೆಸಿ, ಯೋಗಸೂತ್ರವನ್ನೂ ಬುದ್ಧನ ಉಪದೇಶಗಳಾದ ಪಾಲಿ ಸುತ್ತಗಳನ್ನೂ ಜೊತೆಯಲ್ಲಿಟ್ಟು ಓದುತ್ತ, ಓದಿದ್ದನ್ನು ಚಳ್ಳಕೆರೆಯ ಕಂಬಳಿಯ ಮೇಲೆ ಕುಳಿತು ಪರೀಕ್ಷಿಸುತ್ತ ಬಂದ ನಾನು ಮೊದಲಿನಿಂದಲೂ ಒಂದು ಕಟ್ಟುಪಾಡನ್ನು ಪಾಲಿಸಿದ್ದೇನೆ: ಪ್ರಾಣಾಯಾಮವನ್ನೂ, ಉಸಿರನ್ನು ಸುಮ್ಮನೆ ಅರಿಯುತ್ತಿರುವ ಬೌದ್ಧ ಧ್ಯಾನವಾದ ಆನಾಪಾನಸತಿಯನ್ನೂ ಒಂದೇ ಸಲ ಕುಳಿತಾಗ ಬೆರೆಸುವುದಿಲ್ಲ.

ಪತಂಜಲಿಯ ಎರಡನೆಯ ಪಾದದ 49ನೆಯ ಸೂತ್ರವು ಶ್ವಾಸಪ್ರಶ್ವಾಸಗಳ ಗತಿಯನ್ನು ತಡೆಯುವುದನ್ನೇ ಪ್ರಾಣಾಯಾಮವೆನ್ನುತ್ತದೆ. ಆನಾಪಾನಸತಿ ಸುತ್ತವಾದರೋ ಉಸಿರು ದೀರ್ಘವಾಗಿದ್ದರೆ ದೀರ್ಘವೆಂದು, ಹ್ರಸ್ವವಾಗಿದ್ದರೆ ಹ್ರಸ್ವವೆಂದು ಅರಿಯುವುದರಿಂದ ಮೊದಲಾಗಿ 16 ಹಂತಗಳನ್ನು ಹೇಳುತ್ತದೆ. ಉಸಿರನ್ನು ಬಿಗಿಹಿಡಿಯಲು ಎಲ್ಲಿಯೂ ಹೇಳುವುದಿಲ್ಲ. ಬುದ್ಧನೇ ಬೋಧಿಗೆ ಮುನ್ನ ಉಸಿರುಗಟ್ಟಿ ಧ್ಯಾನಿಸಿ, ಕಿವಿಗಳಲ್ಲಿ ಗಾಳಿಯ ಭೋರ್ಗರೆತವನ್ನೂ ಅಸಹನೀಯ ತಲೆನೋವನ್ನೂ ಅನುಭವಿಸಿ ಆ ದಾರಿಯನ್ನು ತೊರೆದನೆಂದು ಮಹಾಸಚ್ಚಕ ಸುತ್ತದಲ್ಲಿದೆ. ಹಾಗೆಂದು ಉಸಿರನ್ನು ತಡೆದು ನಿಲ್ಲಿಸುವ ಯೋಗದ ಕುಂಭಕವನ್ನು ಅಲ್ಲಗಳೆಯುವುದು ಆತುರದ ತೀರ್ಮಾನವೇ ಸರಿ. ನಸುಕಿನಲ್ಲಿ ಮಿತವಾದ ಪ್ರಾಣಾಯಾಮ ಮಾಡಿದ ದಿನ ಬೆನ್ನು ನೆಟ್ಟಗೆ ನಿಲ್ಲುತ್ತದೆ, ತೂಕಡಿಕೆ ಹತ್ತಿರ ಸುಳಿಯುವುದಿಲ್ಲ. ಆದರೆ ಅದು ಮುಗಿದ ಮೇಲೆ ಎದ್ದು ಅಂಗಳದಲ್ಲಿ ನಡೆದಾಡಿ, ಉಸಿರು ತನ್ನ ಸಹಜ ನಡೆಗೆ ಮರಳಿತೆಂದು ಖಚಿತವಾದ ಬಳಿಕವೇ ಸ್ಮೃತಿಗೆ, ಎಂದರೆ ಆನಾಪಾನಸತಿಗೆ, ಕೂರುತ್ತೇನೆ. ಬುದ್ಧಘೋಷನ ಬೌದ್ಧ ಸಾಧನಾಗ್ರಂಥ ವಿಸುದ್ಧಿಮಗ್ಗವು ಉಸಿರಿನ ಎಣಿಕೆಯನ್ನು ಐದಕ್ಕಿಂತ ಮೊದಲು ನಿಲ್ಲಿಸಬಾರದು, ಹತ್ತನ್ನು ದಾಟಬಾರದು ಎನ್ನುತ್ತದೆ. ನಾನು ಎಂಟಕ್ಕೆ ನಿಲ್ಲಿಸಿ ಮತ್ತೆ ಒಂದರಿಂದ ತೊಡಗುತ್ತೇನೆ. ಮನಸ್ಸು ಎಣಿಕೆಯ ಊರುಗೋಲಿಲ್ಲದೆಯೂ ಉಸಿರಿನೊಡನೆ ನಿಲ್ಲುವಾಗ ಎಣಿಕೆಯನ್ನು ಬಿಡುತ್ತೇನೆ.

ಆ ಗ್ರಂಥವು ಹೇಳುವ 13 ಧುತಾಂಗಗಳಲ್ಲಿ, ಎಂದರೆ ಭಿಕ್ಷುಗಳ ಕಠಿಣ ವ್ರತಗಳಲ್ಲಿ, ನಾನು ಕೈಗೊಂಡದ್ದು ಒಂದೇ ಆಸನದಲ್ಲಿ ಉಣ್ಣುವ ಏಕಾಸನಿಕವನ್ನು ಮಾತ್ರ. ಒಪ್ಪತ್ತಿನ ವ್ರತ ನಮ್ಮ ಮನೆಗಳಿಗೆ ಹೊಸತಲ್ಲವಾದ್ದರಿಂದ ಯಾರೂ ಹುಬ್ಬೇರಿಸಲಿಲ್ಲ. ಮಧ್ಯಾಹ್ನಕ್ಕೆ ಮೊದಲೇ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ ಮುಗಿಯುತ್ತವೆ. ಮಲಗದೆ ಕುಳಿತೇ ರಾತ್ರಿ ಕಳೆಯುವ ನೇಸಜ್ಜಿಕವು ನನ್ನ ಮೊಣಕಾಲುಗಳಿಗೆ ಒಗ್ಗುವಂಥದ್ದಲ್ಲವೆಂದು ಅದರ ಗೊಡವೆಗೆ ಹೋಗಲಿಲ್ಲ. ಚಂದ್ರವಳ್ಳಿಯ ಅಂಕಲಿಮಠದ ಗುಹೆಗಳಲ್ಲಿ ಕೂರಬಾರದೇಕೆಂದು ಕೇಳುವವರಿದ್ದಾರೆ. ಪ್ರವಾಸಿಗರ ಗದ್ದಲದ ನಡುವೆ ಕೂರುವುದಕ್ಕಿಂತ ಮನೆಯ ಹಿಂದಿನ ಕೋಣೆಯೇ ಲೇಸು.

ಗೃಹಸ್ಥನಾಗಿ ಇಷ್ಟು ಸಾಧ್ಯವೇ ಎಂಬ ಸಂದೇಹಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲಿಯೇ ಇದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಶಾಸನತಜ್ಞ ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳಲ್ಲಿ, ಚಕ್ರವರ್ತಿಯು ತಾನು ಎರಡೂವರೆ ವರ್ಷಕ್ಕೂ ಹೆಚ್ಚು ಕಾಲದಿಂದ ಉಪಾಸಕನಾಗಿದ್ದರೂ (ಬುದ್ಧನ ಗೃಹಸ್ಥ ಅನುಯಾಯಿ) ಒಂದು ವರ್ಷ ತೀವ್ರವಾಗಿ ಶ್ರಮಿಸಲಿಲ್ಲವೆಂದೂ, ಭಿಕ್ಷುಸಂಘಕ್ಕೆ ಹತ್ತಿರವಾದ ಮೇಲೆ ಚೆನ್ನಾಗಿ ಶ್ರಮಿಸಿದೆನೆಂದೂ, ಈ ಶ್ರಮದ ಫಲ ದೊಡ್ಡವರಿಗಷ್ಟೇ ಅಲ್ಲ, ಶ್ರಮಿಸಿದರೆ ಸಣ್ಣವರಿಗೂ ದಕ್ಕುತ್ತದೆಂದೂ ಹೇಳಿಕೊಂಡಿದ್ದಾನೆ.

ಸಂಶೋಧನೆಯಲ್ಲಿ ಈಗ ನನ್ನನ್ನು ಹಿಡಿದಿಟ್ಟಿರುವುದು ಎರಡು ಪರಂಪರೆಗಳ ಹೋಲಿಕೆ. ಯೋಗಸೂತ್ರದ ಮೊದಲ ಪಾದದ 20ನೆಯ ಸೂತ್ರದಲ್ಲಿರುವ ಶ್ರದ್ಧೆ, ವೀರ್ಯ, ಸ್ಮೃತಿ, ಸಮಾಧಿ, ಪ್ರಜ್ಞೆಗಳೇ ಬೌದ್ಧರ ಪಂಚೇಂದ್ರಿಯಗಳು (ಕಣ್ಣು, ಕಿವಿಗಳಲ್ಲ, ಸಾಧನೆಯ ಐದು ಶಕ್ತಿಗಳು). 33ನೆಯ ಸೂತ್ರದ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆಗಳೇ ಅವರ ಬ್ರಹ್ಮವಿಹಾರಗಳು, ಎಂದರೆ ಬೆಳೆಸಿಕೊಳ್ಳಬೇಕಾದ ನಾಲ್ಕು ಉದಾತ್ತ ಭಾವಗಳು. ಪಟ್ಟಿಗಳು ಇಷ್ಟು ಹೊಂದಿದ ಮಾತ್ರಕ್ಕೆ ಗುರಿಯೂ ಒಂದೇ ಎನ್ನಲು ಬರುವುದಿಲ್ಲ: ಯೋಗದರ್ಶನವು ಪುರುಷನ, ಎಂದರೆ ಆತ್ಮದ, ಕೈವಲ್ಯವನ್ನು ಹೇಳಿದರೆ ಬೌದ್ಧದರ್ಶನವು ಶಾಶ್ವತ ಆತ್ಮವೇ ಇಲ್ಲವೆಂಬ ಅನಾತ್ಮವನ್ನು ಹೇಳುತ್ತದೆ. ಆದ್ದರಿಂದ ನನ್ನ ಟಿಪ್ಪಣಿ ಪುಸ್ತಕಗಳನ್ನೂ ಬೇರೆ ಬೇರೆಯಾಗಿಯೇ ಇಟ್ಟಿದ್ದೇನೆ, ಒಂದು ಪ್ರಾಣಾಯಾಮಕ್ಕೆ, ಇನ್ನೊಂದು ಸ್ಮೃತಿಗೆ.